ಕೆಟಿ ಅಂದರೆ ಕೆಟ್ಟಿತು ಅಂತಲ್ಲ

ಓದುಗರ ಪ್ರಶ್ನೆ: ಮುಂಬೈ, ಪುಣೆಯ ಕಾಲೇಜು ಮಕ್ಕಳ ಮಾತು ಅರ್ಥವಾಗದ ಮನೆಯವರಿಗೆ

ಪ್ರಶ್ನೆ: ಮಗ ಮುಂಬೈಯಲ್ಲಿ ಎಂಜಿನಿಯರಿಂಗ್, ಎಸ್‌ಇ (ಎರಡನೇ ವರ್ಷ) ಓದುತ್ತಿದ್ದಾನೆ. ರಿಸಲ್ಟ್ ಬಂದ ದಿನ ಗೆಳೆಯನಿಗೆ ಫೋನಿನಲ್ಲಿ ‘ಮ್ಯಾಥ್ಸ್ ಮೇ ಕೆಟಿ ಲಗ್ ಗಯಾ’ ಅಂದದ್ದು ಕಿವಿಗೆ ಬಿತ್ತು. ಕೇಳಿದರೆ ‘ಏನಿಲ್ಲಮ್ಮ, ಎಲ್ಲರಿಗೂ ಇರುತ್ತೆ’ ಅನ್ನುತ್ತಾನೆ. ನೂರಕ್ಕೆ 41 ಬಂದಿದೆಯಂತೆ. 41 ಬಂದರೆ ಪಾಸಲ್ಲವೇ? ವರ್ಷ ಹೋಯಿತೇ?
(ಒಬ್ಬ ತಾಯಿ, ಡೊಂಬಿವಲಿ)

ಉತ್ತರ: ಎಸ್‌ಇಯ ಈ ಒಂದು ಕೆಟಿಯಿಂದ ವರ್ಷ ಹೋಗುವುದಿಲ್ಲ, ತಾಯಿ. ಮಗನ 41ರ ಲೆಕ್ಕವೂ ಸುಳ್ಳಿರಲಾರದು. ಪೂರ್ತಿ ಹೆಸರು ಎಟಿಕೆಟಿ, ‘ಅಲೌಡ್ ಟು ಕೀಪ್ ಟರ್ಮ್ಸ್’. ಕೆಲವು ವಿಷಯ ಬಾಕಿ ಉಳಿದರೂ ಮುಂದಿನ ತರಗತಿಯಲ್ಲಿ ಕೂರಲು ಕೊಡುವ ಅನುಮತಿ ಅದು. ಅನುಮತಿಯ ಹೆಸರೇ ಮಕ್ಕಳ ಬಾಯಲ್ಲಿ ಫೇಲಾದ ವಿಷಯದ ಹೆಸರಾಗಿ ನಿಂತುಬಿಟ್ಟಿದೆ.

41 ಬಂದೂ ಯಾಕೆ ಫೇಲು? ಒಂದೇ ವಿಷಯದೊಳಗೆ ಬೇರೆ ಬೇರೆ ‘ಹೆಡ್’, ಅಂದರೆ ಅಂಕದ ಭಾಗಗಳು ಇರುತ್ತವೆ, ಪ್ರತಿ ಹೆಡ್‌ನಲ್ಲೂ ಪ್ರತ್ಯೇಕವಾಗಿ ಶೇ. 40 ಬರಬೇಕು. 80-20ರ ಪ್ಯಾಟರ್ನ್ (ಪಠ್ಯ, ಅಂಕಗಳ ಏರ್ಪಾಡು) ತೆಗೆದುಕೊಳ್ಳಿ: ಇಂಟರ್ನಲ್ (ಕಾಲೇಜಿನೊಳಗಿನ ಪರೀಕ್ಷೆ) 20ಕ್ಕೆ 8, ಥಿಯರಿ (ಕೊನೆಯ ಲಿಖಿತ ಪರೀಕ್ಷೆ) 80ಕ್ಕೆ 32 ಬೇಕು. ಇಂಟರ್ನಲ್‌ನಲ್ಲಿ 18, ಥಿಯರಿಯಲ್ಲಿ 23 ಬಂದರೆ ಒಟ್ಟು 41 ಆಗುತ್ತದೆ, ಆದರೆ ಥಿಯರಿ ದಡ ಸೇರಿಲ್ಲ. ಹೊಸ ಪ್ಯಾಟರ್ನ್‌ಗಳಲ್ಲಿ ಅಂಕದ ಹಂಚಿಕೆ ಬೇರೆ ಇರಬಹುದು. ಆದ್ದರಿಂದ ‘ಎಷ್ಟು ಬಂತು’ ಅಂತ ಕೇಳಬೇಡಿ. ‘ಕೆಟಿ ಯಾವ ಹೆಡ್‌ನಲ್ಲಿ, ಇಂಟರ್ನಲ್ಲೋ ಥಿಯರಿಯೋ?’ ಅಂತ ಕೇಳಿ. ಈ ಒಂದು ಪ್ರಶ್ನೆಗೆ ಮಕ್ಕಳು ತಟ್ಟನೆ ನಿಜ ಹೇಳುತ್ತಾರೆ, ಯಾಕೆಂದರೆ ಕೇಳುವವರಿಗೆ ವಿಷಯ ಗೊತ್ತಿದೆ ಅನ್ನಿಸುತ್ತದೆ.

ಈಗ ಆಗಬೇಕಾದ ಕೆಲಸ ಹೇಳುತ್ತೇವೆ. ಅಂಕ ಕಡಿಮೆ ಕೊಟ್ಟಿದ್ದಾರೆ ಅನ್ನುವ ಅನುಮಾನವಿದ್ದರೆ ಮೊದಲು ‘ಫೋಟೋಕಾಪಿ’ಗೆ, ಅಂದರೆ ಉತ್ತರಪತ್ರಿಕೆಯ ಪ್ರತಿಗೆ ಅರ್ಜಿ ಹಾಕಲಿ. ಪ್ರತಿ ಕೈಗೆ ಬಂದಾಗ ಕೂಡಿಸಿದ್ದು ಸರಿಯಿದೆಯೇ, ಯಾವುದಾದರೂ ಉತ್ತರ ನೋಡದೆ ಬಿಟ್ಟಿದ್ದಾರೆಯೇ ಅಂತ ಪುಟಪುಟವೂ ನೋಡಿ, ಆಮೇಲೆ ‘ರೀವ್ಯಾಲ್’, ಅಂದರೆ ಮರುಮೌಲ್ಯಮಾಪನ. ಇಲ್ಲಿ ಹೆಚ್ಚಿನವರು ಎಡವುತ್ತಾರೆ: ರೀವ್ಯಾಲ್‌ನಲ್ಲಿ ಪಾಸಾಗುತ್ತೇನೆ ಅಂತ ನಂಬಿ ಕೆಟಿ ಪರೀಕ್ಷೆಯ ಫಾರ್ಮ್ ತುಂಬುವುದಿಲ್ಲ. ರೀವ್ಯಾಲ್ ಫಲಿತಾಂಶ ತಡವಾಗುತ್ತದೆ, ಫಾರ್ಮಿನ ಕೊನೆಯ ದಿನ ಅದಕ್ಕಾಗಿ ಕಾಯುವುದಿಲ್ಲ. ಎರಡನ್ನೂ ಒಟ್ಟಿಗೆ ಮಾಡಲಿ. ಶುಲ್ಕ ದಂಡವಾದರೂ ಆಗಲಿ, ಆರು ತಿಂಗಳು ಉಳಿಯುತ್ತದೆ.

ಇನ್ನೊಂದನ್ನು ಇವತ್ತೇ ಕೇಳಿ: ಎಫ್‌ಇಯ (ಮೊದಲ ವರ್ಷದ) ಕೆಟಿ ಏನಾದರೂ ಉಳಿದಿದೆಯೇ? ಸಾಮಾನ್ಯ ನಿಯಮದ ಪ್ರಕಾರ ಎಫ್‌ಇ ಪೂರ್ತಿ ಮುಗಿಯದೆ ಟಿಇಗೆ (ಮೂರನೇ ವರ್ಷಕ್ಕೆ) ಬಿಡುವುದಿಲ್ಲ. ವರ್ಷ ಹೋಗುವುದು ಅಲ್ಲಿ. ಮಕ್ಕಳ ಮಾತಿನಲ್ಲಿ ಅದು ‘ಡ್ರಾಪ್’. ಕೆಟಿ ಅಂದರೆ ಗಾಬರಿ ಬೇಡ, ಡ್ರಾಪ್ ಅಂದರೆ ಎಲ್ಲ ಕೆಲಸ ಬಿಟ್ಟು ಕೂತು ಮಾತಾಡಿ.

ಮಾರ್ಕ್ಸ್‌ಕಾರ್ಡಿನಲ್ಲಿ ‘ಆರ್‌ಎಲ್‌ಇ’ ಅಂತ ಕಂಡರೆ, ಮಗ ಏನೋ ತಪ್ಪು ಮಾಡಿ ಫಲಿತಾಂಶ ತಡೆಹಿಡಿದಿದ್ದಾರೆ ಅಂತ ತಿಳಿಯಬೇಡಿ. ‘ರಿಸರ್ವ್ಡ್ ಫಾರ್ ಲೋವರ್ ಎಕ್ಸಾಮ್’ ಅಂದರೆ ಈ ಸೆಮಿಸ್ಟರ್ ಸರಿಯಾಗಿದ್ದರೂ ಹಿಂದಿನದೊಂದು ಬಾಕಿಯಿದೆ, ಅದು ಮುಗಿಯುವವರೆಗೆ ಇದನ್ನು ಕಾದಿರಿಸಿದ್ದಾರೆ ಅಂತಷ್ಟೆ.

ಪ್ರಶ್ನೆ: ಮಗಳು ಟಿವೈ (ಮೂರನೇ ವರ್ಷ) ಬಿಎಸ್‌ಸಿ ಐಟಿ. ಒಂದು ವಾರದಿಂದ ‘ಬ್ಲ್ಯಾಕ್ ಬುಕ್, ಬ್ಲ್ಯಾಕ್ ಬುಕ್’ ಅಂತ ರಾತ್ರಿ ನಿದ್ದೆಯಿಲ್ಲ. ಕಾಲೇಜಿನವರು ಹೆಸರು ಕಪ್ಪುಪಟ್ಟಿಗೆ ಸೇರಿಸಿದರೇ ಅಂತ ಭಯವಾಗಿದೆ.
(ಒಬ್ಬ ತಂದೆ, ಮುಲುಂಡ್)

ಉತ್ತರ: ಕಪ್ಪುಪಟ್ಟಿಯಲ್ಲ, ಕಪ್ಪು ರಟ್ಟಿನ ಪುಸ್ತಕ. ಕೊನೆಯ ವರ್ಷದ ಪ್ರಾಜೆಕ್ಟ್ ವರದಿಗೆ ಕಪ್ಪು ರೆಕ್ಸಿನ್ ಹಾಕಿ, ಮೇಲೆ ಚಿನ್ನದ ಬಣ್ಣದ ಅಕ್ಷರದಲ್ಲಿ ಶೀರ್ಷಿಕೆ, ವಿದ್ಯಾರ್ಥಿಯ ಹೆಸರು, ಕಾಲೇಜು, ವರ್ಷ ಒತ್ತಿಸುತ್ತಾರೆ. ಕಾಲೇಜಿನ ಸುತ್ತಮುತ್ತಲ ಝೆರಾಕ್ಸ್ ಅಂಗಡಿಗಳಲ್ಲಿ ‘ಬ್ಲ್ಯಾಕ್ ಬುಕ್’ ಅಂದರೆ ಸಾಕು, ಮಾಡಿಕೊಡುತ್ತಾರೆ.

ಪುಸ್ತಕ ತೆರೆದರೆ ಮೊದಲಲ್ಲೇ ಸರ್ಟಿಫಿಕೇಟ್ ಪುಟ: ಗೈಡ್, ಕೋಆರ್ಡಿನೇಟರ್, ಎಕ್ಸ್‌ಟರ್ನಲ್ (ಹೊರಗಿನ ಪರೀಕ್ಷಕರು) ಸಹಿಗೆ ಜಾಗ, ಕಾಲೇಜಿನ ಮುದ್ರೆಗೆ ಜಾಗ. ಎಡವಟ್ಟು ಆಗುವುದು ಈ ಪುಟದಲ್ಲೇ. ಗೈಡ್ ಕೊನೆಯ ಪ್ರತಿ ಒಪ್ಪುವ ಮೊದಲೇ ಬೈಂಡಿಂಗಿಗೆ ಕೊಟ್ಟರೆ, ಒಂದು ತಿದ್ದುಪಡಿ ಬಂದರೂ ರಟ್ಟು ಕಿತ್ತು ಮತ್ತೆ ಬೈಂಡ್ ಮಾಡಿಸಬೇಕು. ಸೀಟ್ ನಂಬರಿನ ಒಂದು ಅಂಕಿ, ಹೆಸರಿನ ಒಂದು ಅಕ್ಷರ ತಪ್ಪಿದರೂ ಅದೇ ಗತಿ. ನೀವು ಮಾಡಬಹುದಾದ ಉಪಕಾರ ಇಷ್ಟೇ: ಬೈಂಡಿಂಗಿಗೆ ಹೋಗುವ ಹಿಂದಿನ ರಾತ್ರಿ ಆ ಒಂದು ಪುಟವನ್ನು ಹಾಲ್ ಟಿಕೆಟ್ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ಓದಿ. ಎಷ್ಟು ಪ್ರತಿ ಬೇಕು ಅಂತ ಮೊದಲೇ ಕೇಳಲಿ. ವೈವಾ ದಿನಕ್ಕೆ ಎರಡು ದಿನ ಮುಂಚೆ ಪುಸ್ತಕ ಮನೆಯಲ್ಲಿರಬೇಕು, ಆ ವಾರ ಅಂಗಡಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಪ್ರಶ್ನೆ: ಪುಣೆಯಲ್ಲಿರುವ ತಮ್ಮನ ಮಗ ‘ಎಂ3 ಬ್ಯಾಕ್ ಇದೆ, ಆದರೆ ವೈಡಿ ಆಗಲ್ಲ, ಕ್ಯಾರಿ ಆನ್ ಕೊಡ್ತಾರೆ’ ಅನ್ನುತ್ತಾನೆ. ಇದರಲ್ಲಿ ಒಂದೂ ಕನ್ನಡವಾಗಿ ಅರ್ಥವಾಗಲಿಲ್ಲ.
(ಪಿಂಪ್ರಿಯ ಓದುಗರು)

ಉತ್ತರ: ಎಂ3 ಅಂದರೆ ಎಂಜಿನಿಯರಿಂಗ್ ಗಣಿತದ ಮೂರನೇ ಪೇಪರ್, ಎಸ್‌ಇಯಲ್ಲಿ ಬರುತ್ತದೆ. ಮುಂಬೈಯ ಕೆಟಿ ಪುಣೆಯಲ್ಲಿ ಹೆಚ್ಚಾಗಿ ‘ಬ್ಯಾಕ್’. ವೈಡಿ ಅಂದರೆ ‘ಇಯರ್ ಡೌನ್’, ಮುಂಬೈಯ ಡ್ರಾಪ್. ಮೂರನೆಯ ಮಾತಿನ ಬಗ್ಗೆ ಮಾತ್ರ ಹುಷಾರಾಗಿರಿ. ಕ್ಯಾರಿ ಆನ್ ಅಂದರೆ ಬಾಕಿ ಹೆಚ್ಚಿದ್ದರೂ ಮುಂದಿನ ವರ್ಷಕ್ಕೆ ಕೂರಲು ವಿಶ್ವವಿದ್ಯಾಲಯ ವಿಶೇಷವಾಗಿ ಕೊಡುವ ರಿಯಾಯಿತಿ. ವಿದ್ಯಾರ್ಥಿಗಳು ಅದನ್ನು ಕೇಳುತ್ತಿರುತ್ತಾರೆ, ಸಿಕ್ಕೇ ಸಿಗುತ್ತದೆ ಅಂತ ನಿಯಮವಿಲ್ಲ. ಸುತ್ತೋಲೆ ಕಣ್ಣಾರೆ ನೋಡುವವರೆಗೆ ಅದನ್ನು ನೆಚ್ಚಿಕೊಂಡು ಓದು ನಿಲ್ಲಿಸಬಾರದು.

ವೈಡಿ ಆದಾಗ ಹಣ, ಸಮಯದ ಜೊತೆ ಇನ್ನೊಂದು ತೊಡಕು ‘ಪ್ಯಾಟರ್ನ್’. ಕಿರಿಯರ ಬ್ಯಾಚ್‌ಗೆ ಬೀಳುವಷ್ಟರಲ್ಲಿ ಪಠ್ಯಕ್ರಮ ಬದಲಾಗಿದ್ದರೆ ಓದದ ವಿಷಯಗಳನ್ನೂ ಮುಗಿಸಬೇಕಾಗಬಹುದು. ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯದ 2019ರ ಪ್ಯಾಟರ್ನ್‌ನಲ್ಲಿ ‘ಇನ್-ಸೆಮ್’ (ಸೆಮಿಸ್ಟರ್ ನಡುವಿನ ಪರೀಕ್ಷೆ) 30 ಅಂಕಕ್ಕೆ, ಮೊದಲ ಎರಡು ಯೂನಿಟ್. ‘ಎಂಡ್-ಸೆಮ್’ (ಸೆಮಿಸ್ಟರ್ ಕೊನೆಯದು) 70 ಅಂಕಕ್ಕೆ, ಉಳಿದ ನಾಲ್ಕು ಯೂನಿಟ್. ಹುಡುಗನ ಓದು ಎಲ್ಲಿಗೆ ಬಂತು ಅಂತ ತಿಳಿಯಲು ‘ಎಷ್ಟನೇ ಯೂನಿಟ್?’ ಅಂತ ಕೇಳಿದರೆ ಸಾಕು. ಸ್ವಾಯತ್ತ ಕಾಲೇಜಾದರೆ ಪರೀಕ್ಷೆ ಅವರದೇ, ಹೆಸರುಗಳೂ ಬೇರೆ. ಅದನ್ನು ಮೊದಲು ವಿಚಾರಿಸಿ.

ಪ್ರಶ್ನೆ: ‘ಡಿಫಾಲ್ಟರ್ ಲಿಸ್ಟ್’ನಲ್ಲಿ ಮಗಳ ಹೆಸರು ಬಂದಿದೆ. ಫೀಸು ಪೂರ್ತಿ ಕಟ್ಟಿದ್ದೇವಲ್ಲ?
(ಘಾಟ್‌ಕೋಪರ್)

ಉತ್ತರ: ಇದು ಫೀಸಿನ ಮಾತಲ್ಲ, ಹಾಜರಿಯದು. ಶೇ. 75 ಬೇಕು, ಅಂದರೆ 40 ಲೆಕ್ಚರಿಗೆ 30. ತನ್ನ ಬದಲು ಗೆಳತಿಯರು ಕೂಗುವ ಹಾಜರಿಯನ್ನು, ಅಂದರೆ ‘ಪ್ರಾಕ್ಸಿ’ಯನ್ನು ನಂಬಿ ಇಲ್ಲಿಗೆ ಬಂದು ನಿಲ್ಲುವವರು ಬಹಳ. ಕಾಯಿಲೆಯಿಂದ ತಪ್ಪಿದ್ದರೆ ಡಾಕ್ಟರ ಸರ್ಟಿಫಿಕೇಟನ್ನು ಕಾಲೇಜಿಗೆ ಮರಳಿದ ದಿನವೇ ಕೊಟ್ಟು ಸ್ವೀಕೃತಿ ಪಡೆಯಬೇಕು. ಪಟ್ಟಿ ಹಚ್ಚಿದ ಮೇಲೆ ತಂದದ್ದನ್ನು ಅನುಮಾನದಿಂದಲೇ ನೋಡುತ್ತಾರೆ. ಅಂದಹಾಗೆ ‘ಪಿಎಲ್’ ರಜೆ ಅಂತ ಊರಿಗೆ ಟಿಕೆಟ್ ಮಾಡಿಸಬೇಡಿ. ಅದು ಪ್ರಿಪರೇಟರಿ ಲೀವ್, ಪರೀಕ್ಷೆಗೆ ಮುಂಚಿನ ಓದಿನ ದಿನಗಳು.

ಪ್ರಶ್ನೆ: ‘ಎಬಿಸಿ ಐಡಿ’ಯಲ್ಲಿ ಹೆಸರು ಹೊಂದುತ್ತಿಲ್ಲ ಅನ್ನುತ್ತಾರೆ.
(ಹಲವರು)

ಉತ್ತರ: ವಿದ್ಯಾರ್ಥಿ ಗಳಿಸಿದ ಕ್ರೆಡಿಟ್‌ಗಳನ್ನು ಜಮೆ ಇಡುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನ 12 ಅಂಕಿಯ ಸಂಖ್ಯೆ ಅದು. ಡಿಜಿಲಾಕರ್ ಮೂಲಕ ಮಾಡಿಕೊಳ್ಳಬಹುದು. ನಮ್ಮವರಿಗೆ ಇದು ಹೆಚ್ಚಾಗಿ ಕಾಡುವುದು ಹೆಸರಿನ ಕ್ರಮದಿಂದ. ಇಲ್ಲಿನ ಫಾರ್ಮುಗಳು ಮೊದಲು ಅಡ್ಡಹೆಸರು, ಆಮೇಲೆ ಸ್ವಂತ ಹೆಸರು, ತಂದೆಯ ಹೆಸರು, ತಾಯಿಯ ಹೆಸರು ಕೇಳುತ್ತವೆ. ಊರಿನಲ್ಲಿ ಮಾಡಿಸಿದ ಆಧಾರ್‌ನಲ್ಲಿ ಬರೀ ಇನಿಷಿಯಲ್ ಇರುತ್ತದೆ. ಹತ್ತನೆಯ ಮಾರ್ಕ್ಸ್‌ಕಾರ್ಡಿನಲ್ಲಿರುವ ಹೆಸರನ್ನೇ ಮೂಲವಾಗಿಟ್ಟುಕೊಂಡು, ಅದಕ್ಕೆ ತಕ್ಕಂತೆ ಆಧಾರ್ ತಿದ್ದಿಸಿ. ಎಫ್‌ವೈಯಲ್ಲೇ (ಮೊದಲ ವರ್ಷದಲ್ಲೇ) ಮಾಡಿಸಿದರೆ ಒಂದು ಅರ್ಜಿಯಲ್ಲಿ ಮುಗಿಯುತ್ತದೆ. ಟಿವೈವರೆಗೆ ಬಿಟ್ಟರೆ ಆರು ಸೆಮಿಸ್ಟರಿನ ಮಾರ್ಕ್ಸ್‌ಕಾರ್ಡುಗಳೂ ತಿದ್ದುಪಡಿಯ ಸಾಲಿಗೆ ಸೇರಬಹುದು.