‘ಅ’ ಬರೆಯಲು ಅಳುವ ಮಗು

ಪ್ರಿಯ ಸಹೋದರಿ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮಗನಿಗೆ 4 ವರ್ಷ, ಎಲ್‌ಕೆಜಿ. ದಿನಾ ಎರಡು ಪುಟ ‘ಅ ಆ’, ಜೊತೆಗೆ ಒಂದರಿಂದ ಐವತ್ತರವರೆಗೆ ಅಂಕಿ ಬರೆಯಬೇಕು. ಅರ್ಧ ಪುಟಕ್ಕೇ ‘ಕೈ ನೋಯ್ತಿದೆ ಅಮ್ಮಾ’ ಅಂತ ಅಳುತ್ತಾನೆ. ಶಾಲೆಯಲ್ಲಿ ‘ಸೋಮಾರಿ, ಮನೆಯಲ್ಲಿ ಕೂರಿಸಿ ಬರೆಸಿ’ ಅಂದರು. ಮೊನ್ನೆ ನೀವೇ ಒಂದೇಟು ಕೊಟ್ಟಿರಿ, ಆಮೇಲೆ ರಾತ್ರಿಯೆಲ್ಲ ನಿಮಗೆ ನಿದ್ದೆ ಬರಲಿಲ್ಲ. ‘ನನ್ನ ಮಗ ದಡ್ಡನಾ?’ ಅಂತ ಕೇಳಿದ್ದೀರಿ.

ಖಂಡಿತ ಅಲ್ಲ. ಸೋಮಾರಿಯೂ ಅಲ್ಲ. ಅವನು ಕೈ ನೋಯುತ್ತದೆ ಅಂದರೆ ನಂಬಿ.

ನಮ್ಮ ಮಣಿಕಟ್ಟಿನಲ್ಲಿ 8 ಪುಟ್ಟ ಮೂಳೆಗಳಿವೆ. ಹುಟ್ಟಿದಾಗ ಅವು ಇನ್ನೂ ಮೆತ್ತಗಿರುತ್ತವೆ, ಒಂದೊಂದಾಗಿ ಗಟ್ಟಿಯಾಗುತ್ತಾ ಬರುತ್ತವೆ. 4 ವರ್ಷಕ್ಕೆ ಸುಮಾರು ಅರ್ಧದಷ್ಟು ಮಾತ್ರ ಮೂಳೆಯಾಗತೊಡಗಿರುತ್ತವೆ. ಬೆರಳುಗಳ ಹಿಡಿತವೂ ಹಾಗೇ, ನಿಧಾನವಾಗಿ ಬರುವಂಥದ್ದು. ಅವನು ಬರೆಯುವಾಗ ಪಕ್ಕದಲ್ಲಿ ಕೂತು ಸುಮ್ನೆ ನೋಡಿ. ಬೆರಳು ಅಲ್ಲಾಡುತ್ತಿದೆಯೋ, ಇಡೀ ತೋಳೇ ಅಲ್ಲಾಡುತ್ತಿದೆಯೋ? ತೋಳಾದರೆ, ಬೆರಳು ಇನ್ನೂ ಸಿದ್ಧವಾಗಿಲ್ಲ ಅಂತ ಅರ್ಥ.

3 ವರ್ಷದ ಆಸುಪಾಸಿನಲ್ಲಿ ಮಗು ಸೊನ್ನೆ ಸುತ್ತುತ್ತದೆ. ಚೌಕ ಬರೆಯಲು ಇನ್ನೂ ಒಂದೂವರೆ ವರ್ಷ ಬೇಕು. ತ್ರಿಕೋನಕ್ಕೆ 5 ಆಗಬೇಕು. ಈಗ ನೀವೇ ನಿಧಾನವಾಗಿ ಒಂದು ‘ಅ’ ಬರೆಯಿರಿ. ಪೆನ್ಸಿಲ್ ಎಷ್ಟು ಸಲ ದಿಕ್ಕು ಬದಲಿಸಿತು, ಎಣಿಸಿ. ವರ್ಣಮಾಲೆಯಲ್ಲಿ ಮೊದಲು ಬರುತ್ತದೆ ಅಂದ ಮಾತ್ರಕ್ಕೆ ಅದು ಕೈಗೆ ಸುಲಭ ಅಂತಲ್ಲ.

ಇದನ್ನು ನಮ್ಮ ಸರ್ಕಾರಿ ಶಾಲೆಯ ಮೇಷ್ಟ್ರುಗಳು ಚೆನ್ನಾಗಿ ಅರಿತಿದ್ದರು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ, ಆಟ-ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯಲ್ಲಿ ಅಕ್ಷರ ಕಲಿಕೆ ‘ಅ’ದಿಂದ ಹೊರಡುವುದಿಲ್ಲ. ಮೊದಲು ರ, ಗ, ಸ, ದ, ಆಮೇಲೆ ಅ. ‘ರ’ ಅಂದರೆ ಒಂದು ಸುತ್ತು, ಮೇಲೊಂದು ತಲೆಕಟ್ಟು, ಅಷ್ಟೇ ಅಲ್ವಾ? ಈ ಐದೇ ಅಕ್ಷರದಲ್ಲಿ ಸರ, ಅರಸ, ಅಗಸ, ಗರಗಸ ಎಲ್ಲ ಬರುತ್ತವೆ. ‘ಗರಗಸ’ ಅಂತ ತಾನೇ ಓದಿದ ಮಗುವಿನ ಮುಖ ನೋಡಬೇಕು! ನೆನಪಿಡಿ, ಇದು ಒಂದನೇ ತರಗತಿಯ, 6 ವರ್ಷದ ಮಕ್ಕಳಿಗೆ ಮಾಡಿದ್ದು. ನಿಮ್ಮ ಮಗನಿಗೆ ಇನ್ನೂ 4.

ಇನ್ನು ಅಂಕಿ. ನನ್ನ ಮೊಮ್ಮಗಳಿಗೂ ನಾಲ್ಕೂವರೆ. ಒಂದೇ ಅಳತೆಯ ಎರಡು ಚಪಾತಿ ಉಂಡೆ ಮಾಡಿ, ಅವಳ ಎದುರಿಗೇ ಒಂದನ್ನು ಲಟ್ಟಿಸಿದೆ. ‘ಯಾವುದರಲ್ಲಿ ಹಿಟ್ಟು ಜಾಸ್ತಿ?’ ‘ಇದರಲ್ಲಿ’ ಅಂತ ಚಪಾತಿ ತೋರಿಸಿದಳು. ಮತ್ತೆ ಉಂಡೆ ಮಾಡಿದೆ. ‘ಈಗ ಎರಡೂ ಒಂದೇ ಅಜ್ಜಿ’ ಅಂದಳು. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಮಕ್ಕಳ ಮುಂದೆ ಕೂತು ಇಂಥದ್ದನ್ನೇ ಮಾಡಿ ನೋಡಿದ್ದರು. ಈ ವಯಸ್ಸಿನಲ್ಲಿ ಕಣ್ಣಿಗೆ ಕಂಡದ್ದೇ ಲೆಕ್ಕ. ಅಂಥ ಮಗು 37 ಅಂತ ಬರೆದರೂ ಅದು ಅದಕ್ಕೆ ಬರೀ ಗೀಟು. ಅದರ ಬದಲು ಅಳಗುಳಿಮಣೆ ತೆಗೆಯಿರಿ. ಗುಳಿಗೊಂದು ಕಾಳು ಹಾಕುತ್ತಾ ಹೋದರೆ ಎಣಿಕೆ ಕೈಗೆ ಹತ್ತುತ್ತದೆ.

ಕೈಗೂ ಮನೆಯಲ್ಲೇ ಬೇಕಾದಷ್ಟು ಕೆಲಸವಿದೆ. ಕಡಲೆಕಾಯಿ ಬಿಡಿಸಲಿ. ನೆನೆಸಿದ ಅವರೆಕಾಳು ಹಿತುಕಲಿ, ಹೆಬ್ಬೆರಳು ತೋರುಬೆರಳಿಗೆ ಅದಕ್ಕಿಂತ ಒಳ್ಳೆಯ ವ್ಯಾಯಾಮ ನಾನು ಕಂಡಿಲ್ಲ. ಚಪಾತಿ ಹಿಟ್ಟು ಕೊಡಿ, ಅಂಗಳದಲ್ಲಿ ಸೀಮೆಸುಣ್ಣದಿಂದ ದೊಡ್ಡದಾಗಿ ಗೀಚಲಿ. ರಾತ್ರಿ ಮಡಿಲಲ್ಲಿ ಕೂರಿಸಿಕೊಂಡು ಕಥೆ ಓದಿ. ಅಕ್ಷರ ತಿರುಗಮುರುಗ ಬರೆದರೆ ಈಗಲೇ ಗಾಬರಿ ಬೇಡ, ಅದು ಈ ವಯಸ್ಸಿಗೆ ಸಹಜ. ಆದರೆ ಮಾತು ಸರಿಯಾಗಿ ಬಂದಿಲ್ಲ, ಕರೆದರೆ ತಿರುಗುವುದಿಲ್ಲ ಅನ್ನಿಸಿದರೆ ಮಾತ್ರ ಮಕ್ಕಳ ವೈದ್ಯರಿಗೆ ತೋರಿಸಿ.

ಟೀಚರ್ ಮೇಲೆ ಸಿಟ್ಟಾಗಬೇಡಿ. ‘ಪುಸ್ತಕ ಖಾಲಿ ಇದೆಯಲ್ಲ, ಫೀಸ್ ಯಾಕೆ ಕೊಡಬೇಕು?’ ಅಂತ ಜಗಳಕ್ಕೆ ಬರುವ ಅಪ್ಪ ಅಮ್ಮಂದಿರೂ ಇದ್ದಾರೆ. ಒಬ್ಬರೇ ಹೋಗದೆ ಇನ್ನಿಬ್ಬರು ತಾಯಂದಿರ ಜೊತೆ ಹೋಗಿ ಮಾತಾಡಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8 ವರ್ಷದವರೆಗೆ ಒಂದೇ ಹಂತ ಅಂತ ಇಟ್ಟು, ಆಟದ ಮೂಲಕವೇ ಕಲಿಸಿ ಅಂದಿದೆ. ಅದನ್ನು ಹೇಳಿ. ಎರಡು ಪುಟದ ಬದಲು ಎರಡು ಸಾಲು ಸಾಕು ಅಂತ ಕೇಳಿಕೊಳ್ಳಿ.

ಮತ್ತೆ, ಆ ಒಂದೇಟಿನ ವಿಷಯ. ಇವತ್ತೇ ಅವನನ್ನು ಹತ್ತಿರ ಕೂರಿಸಿಕೊಂಡು ‘ಹೊಡೆದದ್ದು ತಪ್ಪಾಯ್ತು ಕಂದಾ’ ಅಂತ ಹೇಳಿಬಿಡಿ. ಅದು ಅವನಿಗೆ ಅರ್ಥವಾಗುತ್ತದೆ.

– ಸಂಪಾದಕಿ