ಮೊದಲ ಮಾತು: ಕೂಲಿಂಗ್ ಐತೇನ್ರೀ?

ಪ್ರಶ್ನೆ: ಕಾಕಾ, ನಮ್ಮ ಅಕ್ಕನ ಮಗ ಅಮೆರಿಕದ ಟೆಕ್ಸಾಸ್‌ನಲ್ಲಿ ಪೆಟ್ರೋಲ್ ಬಂಕಿನ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಅಲ್ಲಿ ಹಾಲು, ಬ್ರೆಡ್ಡಿನ ಜೊತೆ ಬೀರೂ ಮಾರ್ತಾರಂತೆ. ಸಣ್ಣ ಕಂಪನಿಗಳದ್ದು ಅಂತ ಹೆಸರಾದ, ಬಗೆಬಗೆ ರುಚಿಯ ಕ್ರಾಫ್ಟ್ ಬೀರು ದುಬಾರಿಯಾದರೂ ಚೆನ್ನಾಗಿ ಹೋಗುತ್ತಂತೆ. ಜನ ಅದನ್ನು ರುಚಿಗೆ ತಗೋತಾರಾ? ನನ್ನ ಕಿರಾಣಿ ಅಂಗಡಿಯಲ್ಲೂ ಇಡಬಹುದಾ?
– ಒಬ್ಬ ಓದುಗ, ಸಿಂಧನೂರು

ಉತ್ತರ: ರುಚಿ ಆಮೇಲೆ ತಮ್ಮಾ. ಮೊದಲು ಫ್ರಿಜ್ಜು.

ಬಳ್ಳಾರಿಯ ವೈನ್ ಶಾಪ್ ಕೌಂಟರಿನಲ್ಲಿ 22 ವರ್ಷ ಕೂತವನು ನಾನು. ಏಪ್ರಿಲ್‌ನಲ್ಲಿ ಬಿಸಿಲು 40 ಡಿಗ್ರಿ ದಾಟಿತೆಂದರೆ, ಗಿರಾಕಿ ಬ್ರಾಂಡ್ ಹೆಸರು ಹೇಳೋಕೂ ಮುಂಚೆ "ಕೂಲಿಂಗ್ ಐತೇನ್ರೀ?" ಅಂತಿದ್ದ. ಎರಡು ತಾಸು ಕರೆಂಟ್ ಹೋದರೆ ಹತ್ತು ವರ್ಷದ ಗಿರಾಕಿಯೂ ಜನರೇಟರ್ ಇದ್ದ ಎದುರಂಗಡಿಗೆ ನಡೆದುಬಿಡುತ್ತಿದ್ದ. ನಿನ್ನ ಅಳಿಯನ ಅಂಗಡಿಯಲ್ಲೂ ಇದೇ ಕಥೆ. ಬಂಕಿಗೆ ಬರುವವನು ತಿಂಗಳಿಗಾಗುವಷ್ಟು ಒಯ್ಯಲು ಬರುವುದಿಲ್ಲ, ಇವತ್ತಿನ ಸಂಜೆಗೆ ಬರುತ್ತಾನೆ. ಅದಕ್ಕೇ ಗೋಡೆಯುದ್ದಕ್ಕೂ ಗಾಜಿನ ಬಾಗಿಲಿನ ಫ್ರಿಜ್ಜುಗಳು. ಕಣ್ಣಿನ ಎತ್ತರದ ಸಾಲಿಗಾಗಿ ಕಂಪನಿಗಳ ಜಗ್ಗಾಟ.

ಇನ್ನೊಂದು, ಒಂಟಿ ಕ್ಯಾನು. ಸೂಪರ್ ಮಾರ್ಕೆಟಿನಲ್ಲಿ ಸಾಮಾನ್ಯವಾಗಿ 355 ಎಂಎಲ್‌ನ ಆರು ಕ್ಯಾನಿನ ಕಟ್ಟು. ಹೆಸರೇ ಕೇಳದ ಬೀರನ್ನು ಆರಾರು ಯಾರು ಒಯ್ತಾರೆ? ಬಂಕಿನಲ್ಲಿ 19.2 ಔನ್ಸಿನ, ಅಂದರೆ 568 ಎಂಎಲ್‌ನ ಉದ್ದನೆ ಕ್ಯಾನು ಒಂದೊಂದೇ ಸಿಗುತ್ತದೆ. ಹಿಡಿಸದಿದ್ದರೆ ಒಂದೇ ಹೋಯಿತು, ಅಷ್ಟೇ ಅಲ್ವಾ?

ಆಮೇಲೆ ಕಿಕ್ಕು. ವೂಡೂ ರೇಂಜರ್ ಇಂಪೀರಿಯಲ್ ಐಪಿಎ ಅಂತ ಕಹಿ ಜಾತಿಯ ಕ್ರಾಫ್ಟ್ ಬೀರು ಒಂದಿದೆ, ಆಲ್ಕೋಹಾಲ್ 9 ಪರ್ಸೆಂಟ್. ನಮ್ಮ ಸ್ಟ್ರಾಂಗ್ ಬೀರು 8 ದಾಟುವುದಿಲ್ಲ. ಲೇಬಲ್ ಮೇಲೆ ಹಣ್ಣಿನ ಘಮ ಅಂತ ಏನೇ ಬರೆದಿರಲಿ, ಕೊಟ್ಟ ದುಡ್ಡಿಗೆ ಎಷ್ಟು ಏರುತ್ತೆ ಅನ್ನೋ ಲೆಕ್ಕ ಅಲ್ಲೂ ಬಿಟ್ಟಿಲ್ಲ. ಅಂದಹಾಗೆ, ಅದನ್ನು ಮಾಡುವ ಕೊಲೊರಾಡೊದ ನ್ಯೂ ಬೆಲ್ಜಿಯಂ 2019ರಲ್ಲೇ ಜಪಾನಿನ ಕಿರಿನ್ ಗುಂಪಿನ ಪಾಲಾಯಿತು. ಕ್ರಾಫ್ಟ್ ಅಂದರೆ ಸಣ್ಣ ಕಂಪನಿ ಅಂತ ಸುಮ್ನೆ ನಂಬಬೇಡ.

ಒಮ್ಮೆ ಸೇಲ್ಸ್ ಹುಡುಗನ ಮಾತಿಗೆ ಮರುಳಾಗಿ ಹೊಸ ಗೋಧಿ ಬೀರು ಹತ್ತು ಬಾಕ್ಸ್ ಇಳಿಸಿಕೊಂಡೆ. ಫ್ರಿಜ್ಜಿನಲ್ಲಿ ಜಾಗ ಇದ್ದದ್ದು ಮೂರಕ್ಕೆ. ಆ ಮೂರೂ ವಾರದಲ್ಲಿ ಖಾಲಿ. ಉಳಿದ ಏಳು ಹಿಂದಿನ ತಗಡಿನ ಶೆಡ್ಡಿನಲ್ಲಿ ಬೇಸಿಗೆ ಪೂರ್ತಿ ಬೆಂದವು. ಆಮೇಲೆ ತೆಗೆದು ಕುಡಿದರೆ ಒದ್ದೆ ರಟ್ಟಿನ ರುಚಿ! ಬೀರಿನದ್ದು ತಪ್ಪಿರಲಿಲ್ಲ, ನನ್ನ ದುರಾಸೆಯದ್ದು. ಕಹಿ, ಘಮ ಕೊಡುವ ಹಾಪ್ಸ್ ಹೂವು ಜಾಸ್ತಿ ಹಾಕಿದ ಐಪಿಎಯಂತೂ ಇನ್ನೂ ನಾಜೂಕು. ದಿನ ಕಳೆದಂತೆ ಘಮ ಇಳಿದುಬಿಡುತ್ತದೆ. ಕ್ಯಾನಿನ ತಳ ತಿರುಗಿಸಿ ತಾರೀಖು ನೋಡಿ ಹಳೆಯದನ್ನು ಮುಂದಿಡು ಅಂತ ಅಳಿಯನಿಗೆ ಹೇಳು. ಇಪ್ಪತ್ತು ಥರ ತುಂಬುವ ಬದಲು, ಓಡುವ ಐದಾರು ಸಾಕು.

ಇನ್ನು ನಿನ್ನ ಕಿರಾಣಿ ಅಂಗಡಿ. ಅಬಕಾರಿ ಲೈಸೆನ್ಸ್ ಇಲ್ಲದೆ ಬೀರು ಮಾರಿದರೆ ಕೇಸು ಬೀಳುತ್ತದೆ ತಮ್ಮಾ. ಗೋಲಿ ಸೋಡಾ ಇಡು. ಅದನ್ನೂ ಕೂಲಿಂಗ್ ಮಾಡಿಡು.