ಲ್ಯಾನ್ಸ್ ಬಡಗಿ ನಿಜವಾಗ್ಲೂ ಇದ್ದನಾ?

ಪ್ರಶ್ನೆ: ಸರ್, ಅಸಾಸಿನ್ಸ್ ಕ್ರೀಡ್ 3 ಅನ್ನೋ ವಿಡಿಯೋ ಗೇಮ್ ಆಡ್ತಾ ಇದೀನಿ, ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕಾಲದ ಕಥೆ. ಅದ್ರಲ್ಲಿ ಲ್ಯಾನ್ಸ್ ಓಡೊನೆಲ್ ಅಂತ ಒಬ್ಬ ಬಡಗಿ ಬರ್ತಾನೆ, ಜೊತೆಗೆ ಹೊಸ ಹೊಸ ಯಂತ್ರ ಮಾಡೋ ಹುಚ್ಚು ಬೇರೆ. ಇವನು ಇತಿಹಾಸದಲ್ಲಿ ಇದ್ದವನಾ? ಆ ಕಾಲದ ಬಡಗಿಗೆ ಯಂತ್ರದ ತಲೆ ಎಲ್ಲಿಂದ ಬರ್ಬೇಕು?

ಉತ್ತರ: ಇಲ್ಲ ಮಾರಾಯ್ರೆ, ಅವನು ಗೇಮ್‌ನವರು ಹುಟ್ಟಿಸಿದ ಮನುಷ್ಯ. ಅದೇ ಗೇಮಲ್ಲಿ ವಾಷಿಂಗ್ಟನ್, ಫ್ರಾಂಕ್ಲಿನ್ ಥರ ಇತಿಹಾಸದವರೆಲ್ಲ ಬರ್ತಾರಲ್ಲ, ಹಾಗಾಗಿ ಇವನೂ ನಿಜ ಇರ್ಬೇಕು ಅನ್ಸೋದು ಸಹಜ. ಆದ್ರೆ ನಿಮ್ಮ ಎರಡನೇ ಪ್ರಶ್ನೆಗೆ ನಾನು ಒಪ್ಪಲ್ಲ, ಯಾಕಂದ್ರೆ ಆಗ ಯಂತ್ರ ಅಂದ್ರೇನೇ ಮುಕ್ಕಾಲು ಪಾಲು ಮರ, ಗಿರಣಿಯ ಹಲ್ಲುಚಕ್ರ ಮರ, ನೀರಿನ ಚಕ್ರ ಮರ, ಮಗ್ಗ ಮರ, ಹಡಗೂ ಮರವೇ, ಹಾಗಿರುವಾಗ ಯಂತ್ರದ ತಲೆ ಬಡಗಿಗಲ್ದೆ ಇನ್ಯಾರಿಗೆ ಬರ್ಬೇಕು ಹೇಳಿ.

ಇಂಗ್ಲೆಂಡಿನ ಜಾನ್ ಹ್ಯಾರಿಸನ್‌ನ ನೋಡಿ. ಮೂಲತಃ ಬಡಗಿ. ಶುರುವಿನಲ್ಲಿ ಮಾಡಿದ ಗಡಿಯಾರಗಳಲ್ಲಿ ಚಕ್ರಗಳೂ ಮರದ್ದೇ, ಆಮೇಲೆ ತಿರುಗೋ ಜಾಗಕ್ಕೆ ತಾನೇ ಜಿಡ್ಡು ಬಿಡೋ ಒಂದು ಜಾತಿ ಮರ ಹಾಕಿ ಎಣ್ಣೆನೇ ಬೇಡದ ಗಡಿಯಾರ ಮಾಡ್ದ. ಅದೇ ಮನುಷ್ಯ 1759ರಲ್ಲಿ ಮುಗಿಸಿದ ಗಡಿಯಾರದಿಂದ ನಡುಸಮುದ್ರದಲ್ಲಿ ಹಡಗು ಎಲ್ಲಿದೆ ಅಂತ ಲೆಕ್ಕ ಹಾಕೋಕೆ ಆಯ್ತು!

ಗೇಮ್ ನಡೆಯೋ ಅಮೆರಿಕಕ್ಕೇ ಬಂದ್ರೆ ಡೇವಿಡ್ ಬುಶ್ನೆಲ್ ಇದಾನೆ. ಬಡಗಿ ಅಲ್ಲ, ಓದಿದವನು, ಆದ್ರೆ ಅವನ 'ಟರ್ಟಲ್' ಅನ್ನೋ ಜಲಾಂತರ್ಗಾಮಿ ಓಕ್ ಮರದ್ದು, ಪೀಪಾಯಿ ಥರಾನೇ ಹಲಗೆ ಜೋಡಿಸಿ, ಕಬ್ಬಿಣದ ಪಟ್ಟಿ ಬಿಗಿದು, ಟಾರ್ ಬಳಿದಿದ್ದು. ಒಳಗೆ ಒಬ್ಬನೇ ಕೂತು ಕೈಯಲ್ಲೇ ತಿರುಗಿಸ್ಕೊಂಡು ಹೋಗ್ಬೇಕು, ಕತ್ತಲಲ್ಲಿ ದಿಕ್ಸೂಚಿ ಕಾಣ್ಲಿ ಅಂತ ಹೊಳೆಯೋ ಶಿಲೀಂಧ್ರ ಇಟ್ಟಿದ್ರಂತೆ (ಈ ಐಡಿಯಾ ನನಗಂತೂ ತುಂಬಾ ಇಷ್ಟ). 1776ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್ ಬಂದರಲ್ಲಿ ಬ್ರಿಟಿಷರ ಈಗಲ್ ಹಡಗಿನ ತಳಕ್ಕೆ ತೂತು ಕೊರೆದು ಸಿಡಿಮದ್ದು ಸಿಗಿಸೋಕೆ ಹೋಗಿ, ತೂತೇ ಬೀಳದೆ ವಾಪಸ್ ಬಂತು.

ಗೇಮ್ ಸುಳ್ಳು ಹೇಳಿರೋದು ಬೇರೆ ಕಡೆ. ಅಲ್ಲಿ ಮರದ ಕೆಲಸ ಏನೇ ಇರ್ಲಿ ಎಲ್ಲ ಲ್ಯಾನ್ಸ್ ತಲೆಗೇ. ಆಗಿನ ಪಟ್ಟಣಗಳಲ್ಲಿ ಮನೆ ಕಟ್ಟೋ ಬಡಗಿ ಬೇರೆ, ಮೇಜು ಕುರ್ಚಿಯವನು ಬೇರೆ, ಪೀಪಾಯಿಯವನು ಬೇರೆ, ಗಾಡಿ ಚಕ್ರದವನು ಬೇರೆ. ಬಡಗಿಗಳಿಗೆ ಗತ್ತೂ ಇತ್ತು, ಫಿಲಡೆಲ್ಫಿಯಾದಲ್ಲಿ 1724ರಲ್ಲೇ ಸಂಘ ಕಟ್ಕೊಂಡಿದ್ರು, 1774ರಲ್ಲಿ ಮೊದಲ ಕಾಂಟಿನೆಂಟಲ್ ಕಾಂಗ್ರೆಸ್ (ಅಮೆರಿಕದ ವಸಾಹತುಗಳ ಪ್ರತಿನಿಧಿಗಳ ಸಭೆ) ಸೇರಿದ್ದು ಅವರ ಕಾರ್ಪೆಂಟರ್ಸ್ ಹಾಲ್‌ನಲ್ಲೇ.

ಪ್ರಶ್ನೆ: ಗೇಮಲ್ಲಿ ಲ್ಯಾನ್ಸ್‌ಗೆ ಸಂಬಂಧಿಸಿದ ಮಿಷನ್‌ಗಳನ್ನ (ಅಂದ್ರೆ ಆಟಗಾರ ಮಾಡ್ಬೇಕಾದ ಕೆಲಸಗಳನ್ನ) ಬಿಟ್ರೆ ಕಥೆಗೆ ತೊಂದ್ರೆ ಆಗುತ್ತಾ?

ಉತ್ತರ: ಕಥೆಗೆ ಏನೂ ಆಗಲ್ಲ. ಆದ್ರೆ ಮಿಷನ್ ಮುಗಿಸ್ದಂಗೆ ಅವನ ಕಸುಬಿನ ಲೆವೆಲ್ ಏರುತ್ತೆ, ಒಳ್ಳೆ ಸಾಮಾನು ಮಾಡಿಸಿ ಮಾರ್ಬಹುದು. ಸಾಮಾನು ಮಾಡಿಸೋಕೆ, ಮಾರೋಕೆ ಗೇಮಲ್ಲಿರೋ ಲೆಕ್ಕದ ಪುಸ್ತಕದ ಮೆನು ಮಾತ್ರ ಶುದ್ಧ ತಲೆನೋವು, ನಾನು ಎರಡು ಸಲ ಅರ್ಧಕ್ಕೇ ಬಿಟ್ಟಿದೀನಿ.